ಕೊಳಲು ಬೇರೆ, ಕೃಷ್ಣ ಬೇರೆ: ನಮ್ಮನೆ ಮೂರ್ತಿ ಒರಿಜಿನಲ್ಲಾ ಡುಪ್ಲಿಕೇಟಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಬೇಲೂರು ತಾಲ್ಲೂಕಿನವರು. ಮಾವನೋರು ತೀರ್ಕೊಂಡ ಮೇಲೆ ಮನೆ ಪಾಲಾಗ್ತಿದೆ. ದೇವರ ಮನೇಲಿ ಸುಮಾರು ಒಂದಡಿ ಎತ್ತರದ ಪಂಚಲೋಹದ ವೇಣುಗೋಪಾಲ ಇದೆ. ನಮ್ಮ ಭಾವನೋರು ಇದು ಹೊಯ್ಸಳರ ಕಾಲದ್ದು, ಕೋಟಿ ಬಾಳುತ್ತೆ ಅಂತಾರೆ. ಹಾಸನದಲ್ಲಿ ಹಳೇ ಸಾಮಾನು ಕೊಳ್ಳೋ ಒಬ್ಬರಿಗೆ ತೋರಿಸಿದ್ರೆ "ಡುಪ್ಲಿಕೇಟ್ ಇದು, ಬೇಕಾದ್ರೆ ತೂಕದ ಲೆಕ್ಕಕ್ಕೆ ತಗೋತೀನಿ" ಅಂದ್ರು. ಡುಪ್ಲಿಕೇಟ್ ಅಂದ್ಮೇಲೆ ಪೂಜೆಗೆ ಇಟ್ಕೋಬಹುದಾ? ಇನ್ನೊಂದು, ಹೋದ ತಿಂಗಳು ಮಗನ್ನ ಹಲ್ಮಿಡಿಗೆ ಕರ್ಕೊಂಡು ಹೋಗಿದ್ವಿ. ಅಲ್ಲಿರೋ ಶಾಸನ ಒರಿಜಿನಲ್ ಅಲ್ಲ ಅಂತ ಗೊತ್ತಾಗಿ ಅವನಿಗೆ ಸಿಟ್ಟೇ ಬಂತು. ನಕಲಿ ಯಾಕೆ ಇಡ್ತಾರೆ ಸರ್? ಮೂರ್ತಿ ಫೋಟೊ ಆರು ಕಳಿಸಿದ್ದೀನಿ.

ಉತ್ತರ: ಫೋಟೊ ನೋಡಿದೆ ಅಮ್ಮ, ಒಳ್ಳೇ ಬೆಳಕಲ್ಲಿ ತೆಗ್ದಿದ್ದೀರ, ಪೀಠದ ತಳದ್ದೂ ಕಳಿಸಿದ್ದೀರ, ಅದು ತುಂಬಾ ಒಳ್ಳೇದಾಯ್ತು, ಜನ ಯಾವಾಗ್ಲೂ ಮುಖದ್ದು ಹತ್ತು ಫೋಟೊ ಕಳಿಸ್ತಾರೆ ತಳದ್ದು ಒಂದೂ ಕಳ್ಸಲ್ಲ. ಆದ್ರೆ ಮೊದ್ಲೇ ಹೇಳ್ಬಿಡ್ತೀನಿ, ಫೋಟೊ ನೋಡಿ "ಇಷ್ಟನೇ ಶತಮಾನ" ಅಂತ ಹೇಳೋರನ್ನ ನಂಬಬೇಡಿ, ಆ ಪಟ್ಟೀಲಿ ನನ್ನನ್ನೂ ಸೇರಿಸ್ಕೊಳಿ. ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದೀನಿ, ಕೈಯಲ್ಲಿ ಹಿಡಿದು ನೋಡಿದ ಮೇಲೂ ಎಷ್ಟೋ ಸಲ ತಪ್ಪಿದ್ದೀನಿ.

ಮೊದ್ಲು ಆ ಅಂಗಡಿಯವರು ಹೇಳಿದ ಡುಪ್ಲಿಕೇಟ್ ಅನ್ನೋ ಪದ ನೋಡೋಣ. ಯಾವುದರ ಡುಪ್ಲಿಕೇಟ್? ನಮ್ಮ ಕಡೆ ಲೋಹದ ಮೂರ್ತಿ ಮಾಡೋ ಹಳೇ ಪದ್ಧತಿ ಅಂದ್ರೆ ಮೇಣದ ಎರಕ. ಮೊದ್ಲು ಜೇನುಮೇಣದಲ್ಲಿ ಪೂರ್ತಿ ಮೂರ್ತಿ ಮಾಡ್ತಾರೆ, ಕಣ್ಣು ಮೂಗು ಒಡವೆ ಎಲ್ಲಾ, ಅದರ ಮೇಲೆ ನಯವಾದ ಮಣ್ಣು ಮೆತ್ತಿ ಒಣಗಿಸಿ ಸುಡ್ತಾರೆ, ಮೇಣ ಕರಗಿ ತೂತಿಂದ ಹೊರಗೆ ಹೋಗುತ್ತೆ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ತಾರೆ, ಆರಿದ ಮೇಲೆ ಮಣ್ಣಿನ ಅಚ್ಚನ್ನ ಒಡೆದೇ ಮೂರ್ತಿ ಹೊರಗೆ ತೆಗೀಬೇಕು. ಅಚ್ಚು ಹೋಯ್ತು, ಮೇಣವೂ ಹೋಯ್ತು. ಅದೇ ಅಚ್ಚಲ್ಲಿ ಎರಡನೇದು ಬರೋಕೆ ಸಾಧ್ಯಾನೇ ಇಲ್ಲ. ಹಾಗಾಗಿ ನಿಮ್ಮ ಮೂರ್ತಿ ಎಂಟುನೂರು ವರ್ಷದ್ದಾದ್ರೂ ಅಷ್ಟೇ, ತಮಿಳುನಾಡಲ್ಲಿ ಮೂರ್ತಿ ಎರಕಕ್ಕೆ ಹೆಸರಾದ ಸ್ವಾಮಿಮಲೈನಲ್ಲಿ ಐವತ್ತು ವರ್ಷದ ಹಿಂದೆ ಯಾರೋ ಸ್ಥಪತಿ ಮಾಡಿದ್ದಾದ್ರೂ ಅಷ್ಟೇ, ಈ ಕ್ರಮದಲ್ಲಿ ಮಾಡಿದ್ದಾದ್ರೆ ಅದು ಒಂದೇ ಒಂದು. ಹೊಸದಿರಬಹುದು, ಡುಪ್ಲಿಕೇಟ್ ಅಲ್ಲ. ಅದು ಯಾವಾಗ ನಕಲಿ ಆಗುತ್ತೆ ಅಂದ್ರೆ, ಐವತ್ತು ವರ್ಷದ್ದನ್ನ ಹೊಯ್ಸಳರದ್ದು ಅಂತ ಯಾರಾದ್ರೂ ಬಾಯಿ ಬಿಟ್ಟು ಹೇಳಿದಾಗ. ಅಂದ್ರೆ ನಿಮ್ಮ ಭಾವನೋರು, ಬೇಜಾರು ಮಾಡ್ಕೋಬೇಡಿ, ಅವರೇ ಅದನ್ನ ನಕಲಿ ಮಾಡೋ ದಾರೀಲಿದ್ದಾರೆ.

ಹೊಯ್ಸಳ ಅನ್ನೋ ಹೆಸರು ನಮ್ಮ ಜಿಲ್ಲೇಲಿ ಎಲ್ಲದಕ್ಕೂ ಅಂಟಿಸ್ತಾರೆ, ಹೋಟ್ಲು, ಬಸ್ಸು, ಲೇಔಟು. ಹೊಯ್ಸಳರು ನಮಗೆ ಬಿಟ್ಟುಹೋಗಿರೋದು ಹೆಚ್ಚಾಗಿ ಬಳಪದ ಕಲ್ಲಿನ ಕೆಲಸ, ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿಟ್ಟಮೇಲೆ ಗಟ್ಟಿಯಾಗೋ ಕಲ್ಲು, ಅದಕ್ಕೇ ಅಷ್ಟು ನಯ. ಅದಕ್ಕೆ ಹೋಲಿಸಿದ್ರೆ ಲೋಹದ ಮೂರ್ತಿ ಸಿಕ್ಕಿರೋದು ಬಹಳ ಕಮ್ಮಿ. ಹಾಗಾಗಿ ಯಾರಾದ್ರೂ ಹೊಯ್ಸಳ ಕಂಚು ಅಂದ್ರೆ ನಾನಂತೂ ಮೊದ್ಲು ಅನುಮಾನದಿಂದಾನೇ ಶುರು ಮಾಡೋದು.

ಈಗ ನಿಮ್ಮ ಮೂರ್ತಿಗೆ ಬರ್ತೀನಿ. ಮೂರನೇ ಫೋಟೊ ಜೂಮ್ ಮಾಡಿ ನೋಡಿ. ಮೈಬಣ್ಣ ಒಂಥರಾ ಕಂದು ಕೆಂಪು, ಕೊಳಲು ಮಾತ್ರ ನಿಂಬೆಹಣ್ಣಿನ ಹಳದಿ. ಎಡಗೈ ಬೆರಳ ಹತ್ರ ಬೆಸುಗೆ ಹಾಕಿರೋದು ಸಣ್ಣ ಗಂಟಿನ ಥರ ಕಾಣ್ತಿದೆ, ಅದರ ಮೇಲೆ ಅರ ಉಜ್ಜಿರೋ ಗೆರೆನೂ ಇದೆ. ಅಂದ್ರೆ ಮೂಲ ಕೊಳಲು ಯಾವಾಗ್ಲೋ ಹೋಗಿದೆ, ಯಾರೋ ಆಮೇಲೆ ಹಿತ್ತಾಳೆದು ಮಾಡಿಸಿ ಕೂರಿಸಿದ್ದಾರೆ. ಮುಖ ನೋಡಿ, ಮೂಗಿನ ತುದಿ ಸವೆದಿದೆ, ಬಲ ಮಂಡಿ ಸವೆದಿದೆ, ಹೊಟ್ಟೆ ಹತ್ರ ನಯವಾಗಿದೆ, ಆದ್ರೆ ಕಂಠೀಹಾರದ ಸಂದಿಯಲ್ಲಿ, ಕಾಲಿನ ಮಧ್ಯ, ಪೀಠದ ದಳಗಳ ಒಳಗೆ ಕಪ್ಪಗೆ ಎಣ್ಣೆ ಜಿಡ್ಡು ಗಂಧ ಕುಂಕುಮ ಕೂತು ಕಲ್ಲಿನ ಥರ ಆಗಿದೆ. ಇದು ದಿನಾ ಅಭಿಷೇಕ ಆಗಿ, ದಿನಾ ಬಟ್ಟೇಲಿ ಒರೆಸಿ, ಒಂದೇ ರೀತಿ ಹಿಡ್ಕೊಂಡು ಎತ್ತಿಟ್ಟು ಬಂದ ಸವೆತ. ಕೈ ಎಲ್ಲಿ ಹೋಗುತ್ತೋ ಅಲ್ಲೇ ಸವೆದಿದೆ. ಬೇಕು ಅಂತ ಹಳೇದು ಮಾಡೋರು ಇದನ್ನ ಮಾಡಕ್ಕಾಗಲ್ಲ, ಅವರು ಮೂರ್ತಿನ ಆಸಿಡ್ಡಲ್ಲಿ ಅದ್ದಿ, ಉಪ್ಪು ಸಗಣಿ ಸೇರಿಸಿ ಮಣ್ಣಲ್ಲಿ ಹೂತಿಟ್ಟು ಹಸಿರು ಕಿಲುಬು ಬರ್ಸಿ ತರ್ತಾರೆ, ಅದು ಎಲ್ಲಾ ಕಡೆ ಒಂದೇ ಸಮ ಇರುತ್ತೆ, ಉಗುರಲ್ಲಿ ಕೆರೆದ್ರೆ ಪುಡಿ ಉದುರಿ ಕೆಳಗೆ ಥಳಥಳ ಹೊಸ ಲೋಹ ಕಾಣುತ್ತೆ. ನಿಜವಾಗ್ಲೂ ನೂರಾರು ವರ್ಷ ನೆಲದಲ್ಲಿದ್ದ ತಾಮ್ರ ಕಂಚಿಗೆ ಕಿಲುಬು ಪದರ ಪದರವಾಗಿ ಬೆಳೆದಿರುತ್ತೆ, ಹಸಿರಿನ ಕೆಳಗೆ ಇಟ್ಟಿಗೆ ಕೆಂಪು ಬಣ್ಣದ ಪದರ ಇರುತ್ತೆ, ಅದು ಲೋಹದ ಒಳಗೇ ಕಚ್ಕೊಂಡಿರುತ್ತೆ.

ನಿಮ್ಮದು ನೆಲದಲ್ಲಿದ್ದಿದ್ದಲ್ಲ, ಮನೇಲಿ ಪೂಜೆ ಆಗ್ತಾ ಬಂದಿದ್ದು. ಅಷ್ಟಂತೂ ಧೈರ್ಯವಾಗಿ ಹೇಳ್ತೀನಿ. ಅಂಗಡಿಯವರು ಹೇಳಿದ ಹಾಗೆ ನಿನ್ನೆ ಮೊನ್ನೆದೂ ಅಲ್ಲ, ತಳದಲ್ಲಿ ಮೆಷಿನ್ನಲ್ಲಿ ತಿರುಗಿಸಿದ ವೃತ್ತದ ಗೆರೆ ಇಲ್ಲ, ಕೈಯಲ್ಲಿ ಉಳಿ ಹೊಡೆದಿರೋ ಗುರುತಿದೆ. ಅವರು ಡುಪ್ಲಿಕೇಟ್ ಅಂದಿದ್ದು ಯಾಕೆ ಅಂತ ಕೇಳಿದ್ರೆ, ತೂಕದ ಲೆಕ್ಕದಲ್ಲಿ ತಗೋತೀನಿ ಅಂದ್ರಲ್ಲ, ಉತ್ತರ ಅದರಲ್ಲೇ ಇದೆ ಕಣಮ್ಮ.

ಕಾರ್ಬನ್ ಡೇಟಿಂಗ್ ಮಾಡಿಸೋಣ ಅಂತ ನಿಮ್ಮ ಕಡೆ ಯಾರಾದ್ರೂ ಖಂಡಿತ ಹೇಳ್ತಾರೆ. ಅದು ಮರ, ಮೂಳೆ, ದಂತ, ಬಟ್ಟೆ, ಇದ್ದಿಲು ಹೀಗೆ ಒಂದು ಕಾಲದಲ್ಲಿ ಜೀವ ಇದ್ದ ವಸ್ತುಗೆ ಮಾತ್ರ, ಲೋಹಕ್ಕೂ ಕಲ್ಲಿಗೂ ನಡೆಯಲ್ಲ. ಟೊಳ್ಳು ಎರಕ ಆಗಿದ್ದು ಒಳಗೆ ಸುಟ್ಟ ಮಣ್ಣು ಉಳಿದಿದ್ರೆ ಆ ಮಣ್ಣು ಕೊನೇ ಸಲ ಯಾವಾಗ ಸುಟ್ಟಿದ್ದು ಅಂತ ಲ್ಯಾಬಲ್ಲಿ ಅಂದಾಜು ಮಾಡ್ತಾರೆ, ಆದ್ರೆ ದಕ್ಷಿಣದ ಮೂರ್ತಿಗಳು ಹೆಚ್ಚಾಗಿ ಘನ ಎರಕ, ಒಳಗೆ ಮಣ್ಣೇ ಇರಲ್ಲ. ಎಕ್ಸ್‌ರೇ ಥರದ ಮೆಷಿನ್ನಲ್ಲಿ ತಾಮ್ರ ಎಷ್ಟು ಸತು ಎಷ್ಟು ತವರ ಎಷ್ಟು ಅಂತ ಮೂರ್ತಿಗೆ ಗಾಯ ಮಾಡ್ದೇ ನೋಡಬಹುದು, ಅದು ಕೂಡ "ಇಂಥ ಕಾಲ" ಅನ್ನಲ್ಲ, "ಇದು ಇತ್ತೀಚಿನ ಲೋಹದ ಹಾಗಿದೆ, ಇಲ್ಲ" ಅನ್ನುತ್ತೆ ಅಷ್ಟೇ. ಕಲ್ಲಂತೂ ಇನ್ನೂ ಕಷ್ಟ. ಕಲ್ಲು ಹುಟ್ಟಿದ್ದು ಕೋಟ್ಯಂತರ ವರ್ಷದ ಹಿಂದೆ, ಉಳಿ ಬಿದ್ದಿದ್ದು ಯಾವಾಗ ಅನ್ನೋದನ್ನ ಯಾವ ಮೆಷಿನ್ನೂ ನೇರವಾಗಿ ಹೇಳಲ್ಲ. ಅಮೆರಿಕದ ಗೆಟ್ಟಿ ಮ್ಯೂಸಿಯಂನವರು 1985ರಲ್ಲಿ ಗ್ರೀಸಿನದ್ದು ಅಂತ ಒಂದು ಅಮೃತಶಿಲೆಯ ಹುಡುಗನ ವಿಗ್ರಹ ತಗೊಂಡ್ರು, ವಿಜ್ಞಾನಿಗಳು ಒಂದು ಹೇಳಿದ್ರು, ಶಿಲ್ಪ ಬಲ್ಲವರು ಇನ್ನೊಂದು ಹೇಳಿದ್ರು, ಜಗಳ ಮುಗೀಲೇ ಇಲ್ಲ, ಕೊನೆಗೆ ಬೋರ್ಡಲ್ಲಿ "ಕ್ರಿಸ್ತಪೂರ್ವ ಸುಮಾರು 530, ಅಥವಾ ಆಧುನಿಕ ನಕಲಿ" ಅಂತಾನೇ ಬರೆದಿಟ್ರು. 2018ರಲ್ಲಿ ಪ್ರದರ್ಶನದಿಂದಾನೇ ತೆಗೆದ್ರು. ನನಗೆ ಆ ಬೋರ್ಡ್ ತುಂಬಾ ಇಷ್ಟ, ಅಷ್ಟು ದೊಡ್ಡ ಜಾಗದಲ್ಲಿ ಕೂತು "ನಮಗೆ ಗೊತ್ತಿಲ್ಲಪ್ಪ" ಅಂತ ಬರೆಯೋಕೆ ಎದೆ ಬೇಕು.

ಪೂಜೆಗೆ ಇಡಬಹುದಾ ಅಂದ್ರಲ್ಲ, ಅದಕ್ಕೊಂದು ಕತೆ ಹೇಳ್ತೀನಿ. ತಂಜಾವೂರು ಕಡೆ ಶಿವಪುರಂ ಅಂತ ಊರು. 1951ರಲ್ಲಿ ಅಲ್ಲಿ ನೆಲದಲ್ಲಿ ಚೋಳರ ಕಾಲದ ಕಂಚಿನ ನಟರಾಜ ಸಿಕ್ತು, ದೇವಸ್ಥಾನಕ್ಕೆ ಕೊಟ್ರು. ಕೆಲವು ವರ್ಷ ಆದ್ಮೇಲೆ ರಿಪೇರಿಗೆ ಅಂತ ಸ್ಥಪತಿ ಹತ್ರ ಕಳಿಸಿದ್ರೆ ವಾಪಸ್ ಬಂದಿದ್ದು ಹೊಸದಾಗಿ ಮಾಡಿದ ಮೂರ್ತಿ. ಯಾರಿಗೂ ಗೊತ್ತಾಗಲಿಲ್ಲ, ಅರ್ಚಕರಿಗೂ ಗೊತ್ತಾಗಲಿಲ್ಲ, ಪೂಜೆ ನಡೀತಾನೇ ಇತ್ತು. 1960ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನ ಒಬ್ಬ ವಿದ್ವಾಂಸರು ದೇವಸ್ಥಾನದಲ್ಲಿರೋದು ಅಸಲಿ ಅಲ್ಲ ಅಂತ ಬರೆದ ಮೇಲೆ ವಿಷಯ ಬಯಲಾಯ್ತು. ಅಸಲಿ ಕೈ ಬದಲಾಗ್ತಾ ಅಮೆರಿಕ ಸೇರಿ, 1973ರಲ್ಲಿ ನಾರ್ಟನ್ ಸೈಮನ್ ಅನ್ನೋ ಶ್ರೀಮಂತರ ಕೈಗೆ ಹೋಗಿತ್ತು, ಕೇಸು ರಾಜಿ ಎಲ್ಲಾ ಆಗಿ 1986ರಲ್ಲಿ ವಾಪಸ್ ಬಂತು. ಈಗ ಹೇಳಿ, ಆ ಮಧ್ಯದ ವರ್ಷಗಳಲ್ಲಿ ಆ ಊರಿನವರು ಹಚ್ಚಿದ ದೀಪ, ಕಟ್ಕೊಂಡ ಹರಕೆ ನಕಲಿನಾ? ನನಗೆ ಹಾಗೆ ಅನ್ನೋಕೆ ಬಾಯಿ ಬರಲ್ಲ. ಮೋಸ ಮಾಡಿದವನು ಮೋಸಗಾರ, ಮೂರ್ತಿ ಏನು ಮಾಡುತ್ತೆ ಪಾಪ.

ನಮ್ಮ ಸಂಪ್ರದಾಯ ಈ ವಿಷಯದಲ್ಲಿ ಮ್ಯೂಸಿಯಂಗಿಂತ ಬೇರೆ ಲೆಕ್ಕ ಇಟ್ಕೊಂಡಿದೆ. ಮೂಲ ವಿಗ್ರಹ ಭಿನ್ನ ಆದ್ರೆ ಅದು ಎಷ್ಟು ಹಳೇದಾದ್ರೂ ಪೂಜೆಗೆ ಬರಲ್ಲ ಅಂತಾರೆ, ಕಳೆ ಇಳಿಸಿ, ಅಂದ್ರೆ ಅದರಲ್ಲಿರೋ ದೈವಶಕ್ತಿನ ಶಾಸ್ತ್ರದ ಪ್ರಕಾರ ಇಳಿಸಿ, ಹೊಸದು ಮಾಡಿಸಿ ಪ್ರತಿಷ್ಠೆ ಮಾಡ್ತಾರೆ, ಆವತ್ತಿಂದ ಹೊಸದೇ ಅಸಲಿ. ಮ್ಯೂಸಿಯಂನವರಿಗೆ ಅದೇ ಕೈ ಮುರಿದ ಹಳೇದು ಬೇಕು, ನಿನ್ನೆ ಮಾಡಿದ ಪೂರ್ತಿ ಮೂರ್ತಿ ಬೇಡ. ಎರಡೂ ಸರಿನೇ. ಶ್ರವಣಬೆಳಗೊಳದ ಗೊಮ್ಮಟ 981ರ ಸುಮಾರಿನದ್ದು, ಅದನ್ನ ನೋಡಿ ಕಾರ್ಕಳದಲ್ಲಿ 1432ರಲ್ಲಿ ಒಂದು ನಿಂತ್ಕೊಂತು, ವೇಣೂರಲ್ಲಿ 1604ರಲ್ಲಿ ಇನ್ನೊಂದು, ಧರ್ಮಸ್ಥಳದಲ್ಲಿ 1982ರಲ್ಲಿ ಮತ್ತೊಂದು. ಅದೇ ನಿಲುವು, ಅದೇ ಬಳ್ಳಿ. ಧರ್ಮಸ್ಥಳಕ್ಕೆ ಹೋಗಿ ಬಂದವರು ಯಾರಾದ್ರೂ "ಡುಪ್ಲಿಕೇಟ್ ಬಾಹುಬಲಿ ನೋಡ್ಕೊಂಡು ಬಂದ್ವಿ" ಅಂತಾರಾ?

ಇನ್ನು ನಿಮ್ಮ ಮಗನ ಸಿಟ್ಟು. ಎಷ್ಟನೇ ಕ್ಲಾಸು ಅಂತ ಬರೆದಿಲ್ಲ, ಆದ್ರೆ ಅವನಿಗೆ ಸಿಟ್ಟು ಬಂದಿದ್ದು ನನಗೆ ಖುಷಿನೇ, ಬಹಳ ಜನಕ್ಕೆ ಅದು ಪ್ರತಿಕೃತಿ ಅನ್ನೋದೇ ಗೊತ್ತಾಗಲ್ಲ, ಸೆಲ್ಫಿ ತಗೊಂಡು ಬರ್ತಾರೆ. ಹಲ್ಮಿಡಿ ಶಾಸನ ಸುಮಾರು 450ರದ್ದು, ಕನ್ನಡದ ಅತಿ ಹಳೇ ಶಾಸನಗಳಲ್ಲೊಂದು, ಹದಿನಾರು ಸಾಲು. 1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಅದನ್ನ ಬೆಳಕಿಗೆ ತಂದ್ರು, ಮೂಲ ಕಲ್ಲು ಮೈಸೂರಲ್ಲಿ ಇಲಾಖೆ ಹತ್ರ ಇದೆ, ಊರಲ್ಲಿರೋದು ಪ್ರತಿಕೃತಿ. ಮಳೆ ಗಾಳಿಗೆ ಒಡ್ಡಿ ಅಂಥ ಕಲ್ಲನ್ನ ಬಯಲಲ್ಲಿ ಬಿಡಕ್ಕಾಗಲ್ಲ, ಹಾಗಂತ ಊರಿಗೆ ಏನೂ ಇಲ್ದೆ ಮಾಡೋದೂ ನ್ಯಾಯ ಅಲ್ಲ. ಮಗನಿಗೆ ಇನ್ನೊಂದು ಹೇಳಿ: ಶಾಸನ ಓದೋ ವಿದ್ವಾಂಸರು ಕೂಡ ಹೆಚ್ಚಿನ ಕೆಲಸ ಮಾಡೋದು ನಕಲಿನ ಮೇಲೇ. ಕಲ್ಲಿನ ಮೇಲೆ ಒದ್ದೆ ಕಾಗದ ಅಂಟಿಸಿ, ಬ್ರಷ್ಷಲ್ಲಿ ತಟ್ಟಿ ತಟ್ಟಿ ಅಕ್ಷರದ ಗುಂಡಿಯೊಳಗೆ ಕೂರಿಸಿ, ಮೇಲೆ ಮಸಿ ಒತ್ತಿದ್ರೆ ಅಕ್ಷರ ಬಿಳಿ, ಉಳಿದಿದ್ದು ಕಪ್ಪು. ಇದಕ್ಕೆ ಅಚ್ಚು ತೆಗೆಯೋದು ಅಂತಾರೆ. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆ, ಆಗ ಕಡೂರು ಜಿಲ್ಲೆ ಅಂತಿದ್ದ ಚಿಕ್ಕಮಗಳೂರು, ಎರಡೂ ಕಡೆ ಶಾಸನಗಳನ್ನ ಸೇರಿಸಿ 1901, 1902ರಲ್ಲಿ ಪ್ರಕಟಿಸಿದ್ದಾರೆ. ಹಾಗೆ ಯಾರೋ ಹಿಂದೆ ಅಚ್ಚು ತೆಗೆದೋ ಬರ್ಕೊಂಡೋ ಇಟ್ಟಿದ್ರಿಂದ, ಆಮೇಲೆ ಕಲ್ಲು ಒಡೆದು ಮೋರಿ ಮೇಲೆ ಚಪ್ಪಡಿ ಆಗಿದ್ರೂ ಓದೋಕೆ ಸಿಗುತ್ತೆ. ಅಲ್ಲಿ ನಕಲೇ ಅಸಲಿನ ಜೀವ ಉಳಿಸಿರೋದು.

ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ 1873ರಲ್ಲಿ ಬರೀ ಪ್ಲಾಸ್ಟರ್ ನಕಲುಗಳಿಗೇ ಅಂತ ದೊಡ್ಡ ಹಾಲ್ ತೆರೆದ್ರು, ರೋಮಿನ ಟ್ರಾಜನ್ ಕಂಬದ ನಕಲು ಎತ್ತರ ಜಾಸ್ತಿಯಾಗಿ ಎರಡು ತುಂಡು ಮಾಡಿ ನಿಲ್ಲಿಸಿದ್ದಾರೆ. ನಮ್ಮ ಸಾಂಚಿಯ ಪೂರ್ವ ತೋರಣದ ಅಚ್ಚನ್ನೂ 1869-70ರಲ್ಲಿ ತೆಗೆದು ಒಯ್ದಿದ್ರು. ಆಮೇಲೆ ಒಂದು ಕಾಲದಲ್ಲಿ ಇಂಥ ಪ್ಲಾಸ್ಟರೆಲ್ಲ ಕಸ ಅಂತ ಎಷ್ಟೋ ಕಡೆ ಒಡೆದು ಬಿಸಾಕಿದ್ರು, ಈಗ ನೋಡಿದ್ರೆ ಹೊಗೆ ಮಳೆಗೆ ಮೂಲ ಸವೆದುಹೋದ ಕಡೆ ಉಳಿದಿರೋ ಪ್ಲಾಸ್ಟರ್ ನಕಲಲ್ಲೇ ವಿವರ ಚೆನ್ನಾಗಿದೆ. ಒಟ್ನಲ್ಲಿ ಮ್ಯೂಸಿಯಂ ನಕಲು ಇಡೋದರಲ್ಲಿ ನನಗೆ ತಕರಾರಿಲ್ಲ, ಬೋರ್ಡ್ ಹಾಕದೆ ಇದ್ರೆ, ಇಲ್ಲಾ ಬೆಕ್ಕಿನ ಮೀಸೆಯಷ್ಟು ಸಣ್ಣಕ್ಕೆ ಮೂಲೇಲಿ ಬರೆದ್ರೆ ತಕರಾರಿದೆ. ನಮ್ಮ ಹಳೇಬೀಡಲ್ಲೇ ಗೋಡೆ ಗಮನಿಸಿ ನೋಡಿ, ಕೆತ್ತನೆ ಬಿದ್ದುಹೋದ ಕಡೆ ಬೋಳು ಕಲ್ಲು ಕೂರಿಸಿರೋದು ಕಾಣುತ್ತೆ. ಅದು ಸೋಮಾರಿತನ ಅಲ್ಲ, ಹಳೇದರ ಹಾಗೆ ಹೊಸದಾಗಿ ಕೆತ್ತಿ ಸೇರಿಸಿ ನೋಡೋರನ್ನ ದಾರಿ ತಪ್ಪಿಸಬಾರದು ಅಂತ ಆಗ ಭಾರತದ ಪುರಾತತ್ವ ಇಲಾಖೆ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ ಅವರು 1923ರ ಕೈಪಿಡೀಲೇ ಬರೆದಿಟ್ಟಿದ್ದಾರೆ. ಬೇಲೂರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿಟ್ಟಿದ್ದಾರೆ, ಅವರ ಹೆಸರಿರೋ ಗೋಡೇಲಿ ನಾವು ಕೆತ್ತಿ ಸೇರಿಸೋದು ಅಂದ್ರೆ ಇನ್ನೊಬ್ಬರ ಸಹಿ ಹಾಕಿದ ಹಾಗೆ.

ನಾನೇ ಬಿದ್ದ ಹಳ್ಳ ಒಂದು ಹೇಳ್ಬಿಡ್ತೀನಿ, ಇಲ್ದಿದ್ರೆ ದೊಡ್ಡ ಬುದ್ಧಿವಂತನ ಥರ ಕಾಣುತ್ತೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಚಿಕ್ಕಮಗಳೂರಲ್ಲಿ ತೋಟದ ಬಂಗಲೆ ಸಾಮಾನು ಅಂತ ಒಬ್ಬರು ಮಾರ್ತಿದ್ರು. ಬೀಟೆ ಮರದ ಕುರ್ಚಿ, ಕೈ ಮುಂದಕ್ಕೆ ಚಾಚಿರೋ ಪ್ಲಾಂಟರ್ಸ್ ಚೇರು, ಜೊತೆಗೆ ಹಿತ್ತಾಳೆ ಕೊಂಬಿನ ಗ್ರಾಮಫೋನು, ನಾಯಿ ಚಿತ್ರದ ಲೇಬಲ್ಲು. ನನಗೆ ಅದರ ಮೇಲೇ ಕಣ್ಣು. ಆರು ಸಾವಿರ ಕೊಟ್ಟು ತಂದೆ, ದಾರಿಯುದ್ದಕ್ಕೂ ಮಗೂನ ಹಾಗೆ ತೊಡೆ ಮೇಲೆ ಇಟ್ಕೊಂಡು. ಮನೇಲಿ ಎಣ್ಣೆ ಬಿಡೋಣ ಅಂತ ಮೇಲಿನ ಹಲಗೆ ಬಿಚ್ಚೋಕೆ ಹೋದ್ರೆ, ಮೋಟರ್ ಕೂರಿಸಿರೋ ನಾಲ್ಕೂ ಸ್ಕ್ರೂ ಪ್ಲಸ್ ತಲೆದು. ಆ ಫಿಲಿಪ್ಸ್ ಸ್ಕ್ರೂ ಬಂದಿದ್ದೇ 1930ರ ದಶಕದಲ್ಲಿ, ಕೊಂಬಿನ ಗ್ರಾಮಫೋನ್ ಕಾಲ ಅಷ್ಟೊತ್ತಿಗೆ ಮುಗಿದಿತ್ತು. ಯಾವುದೋ ಹಳೇ ಪೆಟ್ಟಿಗೆ ಗ್ರಾಮಫೋನಿನ ಮೋಟರ್ ಕಿತ್ತು, ಹೊಸ ಡಬ್ಬಿ ಮಾಡಿ, ಹೊಸ ಕೊಂಬು ಸಿಕ್ಕಿಸಿದ್ದು. ನಮ್ಮ ದೇಶದಲ್ಲಿ ಇದನ್ನ ರಾಶಿ ರಾಶಿ ಮಾಡಿ ಹೊರದೇಶಕ್ಕೂ ಮಾರ್ತಾರೆ. ಆಫೀಸಲ್ಲಿ ದಿನಾ ನಾಲ್ಕು ಜನಕ್ಕೆ ಸ್ಕ್ರೂ ನೋಡಿ ಸ್ಕ್ರೂ ನೋಡಿ ಅಂತ ಪಾಠ ಹೇಳೋನು ನಾನೇ. ನಮ್ಮನೆಯವಳು ಏನೂ ಅನ್ನಲಿಲ್ಲ, ನೆಂಟರು ಬಂದಾಗೆಲ್ಲ "ಇವರು ಪರೀಕ್ಷೆ ಮಾಡಿ ತಂದಿದ್ದು" ಅಂತಾಳೆ ಅಷ್ಟೇ. ಹಾಡಂತೂ ಚೆನ್ನಾಗೇ ಬರುತ್ತೆ.

ಬೇಲೂರು ದೇವಸ್ಥಾನದ ಮುಂದೆ ಮಾರೋ ದರ್ಪಣಸುಂದರಿ ಬಗ್ಗೆ ಕೂಡ ಜನ ಕೇಳ್ತಿರ್ತಾರೆ. ತಗೊಳ್ಳಿ, ಚೆನ್ನಾಗಿರುತ್ತೆ, ಕೆಲವಂತೂ ನಿಜವಾಗ್ಲೂ ಕೈಕೆತ್ತನೆ. ಕೆತ್ತನೆದು ಅಂತ ರೇಟ್ ಜಾಸ್ತಿ ಹೇಳಿದ್ರೆ ಮಾತ್ರ ಕಂಕುಳ ಕೆಳಗೆ ಬೆರಳಾಡಿಸಿ, ಅಚ್ಚಿನ ಎರಡು ಭಾಗ ಕೂಡಿದ ಸಣ್ಣ ಏಣು ಸಿಕ್ಕಿದ್ರೆ ಅದು ಕಲ್ಲಿನ ಪುಡಿಗೆ ಅಂಟು ಸೇರಿಸಿ ಹೊಯ್ದಿದ್ದು, ಕಲ್ಲಾದ್ರೆ ಮುಟ್ಟಿದ ತಕ್ಷಣ ತಣ್ಣಗೆ ಕೊರೆಯುತ್ತೆ. ಇನ್ನು 1818ರ ಈಸ್ಟ್ ಇಂಡಿಯಾ ಕಂಪನಿ ರಾಮದರ್ಬಾರ್ ಅರ್ಧ ಆಣೆ, ಅಕ್ಕಿ ಎಳ್ಯೋ ಚೆಂಬು, ರೈಸ್ ಪುಲ್ಲಿಂಗ್ ಅಂತ ಯಾರಾದ್ರೂ ನಿಮ್ಮ ಭಾವನೋರ ಹತ್ರ ಬಂದ್ರೆ ಕಾಫಿ ಕೊಟ್ಟು ಕಳಿಸ್ಬಿಡಿ, ಅಂಥ ನಾಣ್ಯ ಕಂಪನಿಯವರು ಹೊಡೆಸೇ ಇಲ್ಲ, ಅಕ್ಕಿನೂ ಎಳೆಯಲ್ಲ, ಎಳೆಯೋದು ಜೇಬು.

ಮಾರೋ ಯೋಚನೆ ಇದ್ರೆ ಕಾನೂನು ಗೊತ್ತಿರ್ಲಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಮೂರ್ತಿ ಪುರಾವಸ್ತು, ಲೋಹದ ವಿಗ್ರಹಕ್ಕೆ ನೋಂದಣಿ ಮಾಡಿಸಬೇಕು, ಕೈ ಬದಲಾದ್ರೆ ನೋಂದಣಿ ಅಧಿಕಾರಿಗೆ ತಿಳಿಸಬೇಕು, ವ್ಯಾಪಾರ ಮಾಡೋರಿಗೆ ಲೈಸೆನ್ಸ್ ಇರ್ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸೋ ಹಾಗೇ ಇಲ್ಲ, ಕಳಿಸಿದ್ರೆ ಆರು ತಿಂಗಳಿಂದ ಮೂರು ವರ್ಷ ಜೈಲು. ಇಲ್ಲೊಂದು ತಮಾಷೆ ನೋಡಿ. ನಮ್ಮೂರ ಅಂಗಡೀಲಿ ಹೊಸದನ್ನ ಹಳೇದು ಅಂತ ಮಾರ್ತಾರೆ, ಬಂದರಲ್ಲಿ ಅದರ ಉಲ್ಟಾ, ನಿಜವಾದ ಹಳೇ ಮೂರ್ತಿಗೆ "ಹೊಸ ಕರಕುಶಲ ವಸ್ತು" ಅಂತ ಕಾಗದ ಮಾಡಿಸಿ ದಾಟಿಸ್ತಾರೆ. ತಮಿಳುನಾಡಿನ ಶ್ರೀಪುರಂತನ್ ದೇವಸ್ಥಾನದಿಂದ ಕದ್ದ ನಟರಾಜ ಸುಳ್ಳು ಕಾಗದಗಳ ಜೊತೆ ಹೋಗಿ, ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ 50 ಲಕ್ಷ ಡಾಲರ್ ಕೊಟ್ಟು ತಗೊಂಡ್ತು, 2014ರಲ್ಲಿ ವಾಪಸ್ ಕೊಡಬೇಕಾಯ್ತು. ಮೂರ್ತಿ ಅಪ್ಪಟ ಅಸಲಿ, ಕಾಗದ ಪೂರ್ತಿ ನಕಲಿ. ನಿಮ್ಮ ಹತ್ರ ಮೂರ್ತಿ ಕೇಳ್ಕೊಂಡು ಯಾರಾದ್ರೂ ಬಂದು "ಕಾಗದಪತ್ರ ಎಲ್ಲಾ ನಾವೇ ನೋಡ್ಕೋತೀವಿ" ಅಂದ್ರೆ ಅಲ್ಲಿಗೇ ಬಾಗಿಲು ಹಾಕಿ.

ಸದ್ಯಕ್ಕೆ ಮಾಡಬೇಕಾಗಿರೋದು ಇಷ್ಟು. ಪಾಲು ಮುಗಿಯೋವರೆಗೂ ಮೂರ್ತಿ ದೇವರ ಮನೇಲೇ ಇರ್ಲಿ, ಪೂಜೆ ನಡೀಲಿ. ಹುಣಸೆಹಣ್ಣು, ನಿಂಬೆಹಣ್ಣು, ಪಾತ್ರೆ ಪುಡಿ ಮುಟ್ಟಿಸಬೇಡಿ, ಸಂದಿಯಲ್ಲಿರೋ ಆ ಕಪ್ಪೇ ಅದರ ಆಧಾರ್ ಕಾರ್ಡ್. ತೂಕ ಮಾಡಿ ಬರೆದಿಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ನಾಲ್ಕೂ ಕಡೆ ಫೋಟೊ ತೆಗೀರಿ, ಪಾಲುದಾರರೆಲ್ಲರ ಹತ್ರ ಒಂದೊಂದು ಪ್ರತಿ ಇರ್ಲಿ. ಕೊಳಲು ಬೇರೆ ಲೋಹ ಅಂತ ಗೊತ್ತಾದ ಮೇಲೆ ಯಾರಾದ್ರೂ ಅದನ್ನ ತೆಗೆಸಿ "ಸರಿಯಾದ್ದು" ಹಾಕಿಸೋಣ ಅಂದ್ರೆ ಬೇಡ ಅನ್ನಿ, ಆ ಹಿತ್ತಾಳೆ ಕೊಳಲೂ ನಿಮ್ಮನೆಯವರೇ ಯಾರೋ ದುಡ್ಡು ಹೊಂದಿಸಿ ಮಾಡಿಸಿದ್ದು.

ನಿಮ್ಮ ಅತ್ತೆಯವರು ಇದ್ದಾರೆ ಅಂತ ಅಂದ್ಕೊಂಡಿದ್ದೀನಿ. ಸಂಜೆ ಅವರು ಬಿಡುವಾಗಿದ್ದಾಗ ಪಕ್ಕದಲ್ಲಿ ಕೂತು ಕೇಳಿ, ಹಳೇ ಕೊಳಲು ಯಾವಾಗ ಹೋಯ್ತು, ಹೊಸದು ಯಾವ ಊರ ಅಕ್ಕಸಾಲಿಗರು ಮಾಡಿದ್ದು, ಮೂರ್ತಿ ಈ ಮನೆಗೆ ಬಂದಿದ್ದು ಹೆಂಗೆ, ಮದುವೇಲಿ ಬಂತಾ ಹರಕೇಲಿ ಬಂತಾ ಅಂತ. ಭಾವನೋರ ಮುಂದೆ ಕೇಳಬೇಡಿ, ಹೊಯ್ಸಳರು ಮಧ್ಯ ಬಂದ್ಬಿಡ್ತಾರೆ. ಹೇಳಿದ್ದನ್ನ ಅವರ ಮಾತಲ್ಲೇ ಒಂದು ನೋಟ್‌ಬುಕ್ಕಲ್ಲಿ ತಾರೀಖು ಹಾಕಿ ಬರೆದಿಡಿ, ಬರೆಯೋ ಕೆಲಸ ಮಗನಿಗೇ ಕೊಡಿ. ಕೊಳಲಿನ ವಿಷಯ ಗೊತ್ತಾದ್ರೆ ನನಗೂ ಒಂದು ಸಾಲು ಬರೀರಿ.